ಬೇಸ್‌ಮೆಂಟಿನಲ್ಲಿ ಕ್ವಾರ್ಟರ್‌ಬ್ಯಾಕ್ ಮೀಟಿಂಗು

ರಿಸೆಶನ್ ವರ್ಷಗಳಲ್ಲಿ ಭಾನುವಾರ ಬಂತೆಂದರೆ ಡೆಟ್ರಾಯ್ಟ್ ಪಕ್ಕದ ನೋವೈನಲ್ಲಿದ್ದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ಗಂಡ ಮತ್ತು ಅವರ ಆಫೀಸಿನ ಗೆಳೆಯರು ಟಿವಿಯಲ್ಲಿ ಅಮೆರಿಕದ ಕೈಯಲ್ಲಿ ಆಡುವ ಫುಟ್‌ಬಾಲ್ ನೋಡಲು ಸೇರುತ್ತಿದ್ದರು. ಎಲ್ಲರೂ ಒಂದೇ ಕಾರ್ ಕಂಪನಿಯ ಎಂಜಿನಿಯರ್‌ಗಳು. ಒಂದು ಎದುರಾಳಿ ಟೀಮಿನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಇವರ ನಿದ್ದೆ ಕೆಡಿಸಿದ್ದ. ಅವನು ಚೆಂಡು ಎಸೆದರೆ ನಮ್ಮ ಊರಿನ ಟೀಮಿನವರು ಬಾಯಿ ಬಿಟ್ಟುಕೊಂಡು ಆಕಾಶ ನೋಡಬೇಕು, ಅಷ್ಟೇ.

ಒಂದು ಭಾನುವಾರ ಆಟದ ನಡುವೆಯೇ ಧಾರವಾಡದ ಗೆಳೆಯರೊಬ್ಬರು ಎದ್ದು ನಿಂತರು. ‘ಅವಗ ಒಗಿಯಾಕ ಟೈಮ್ ಕೊಡಬಾರದ್ರೀ. ಎಲ್ಲಾರೂ ಒಮ್ಮೆಲೇ ಮೈಮ್ಯಾಲೆ ಹೋಗಿ ಬೀಳಬೇಕು.’

‘ಎಲ್ಲರೂ ಹೋದ್ರೆ ಹಿಂದೆ ಯಾರು ಕಾಯ್ತಾರೆ? ಮೊದಲು ರೂಟ್ ಕಾಝ್ ಹುಡುಕೋಣ ಸಾರ್’ ಎಂದರು ನನ್ನ ಗಂಡ.

ಮಗಳ ವೈಟ್‌ಬೋರ್ಡ್ ಕೆಳಗಿಳಿಯಿತು. ತೊಂದರೆಯ ಮೂಲ ಹುಡುಕಲು ಫ್ಯಾಕ್ಟರಿಯ ಮೀಟಿಂಗಿನಲ್ಲಿ ಮುಳ್ಳಿಗೊಂದು ಕಾರಣದಂತೆ ಬರೆಯುವ ಮೀನಿನ ಮುಳ್ಳಿನ ಚಿತ್ರವೇ ಅದರ ಮೇಲೂ ಬಂತು. ಒಂದು ಮುಳ್ಳಿಗೆ ಗಾಳಿ, ಇನ್ನೊಂದಕ್ಕೆ ಹುಲ್ಲು, ದಪ್ಪ ಮುಳ್ಳಿಗೆ ನಮ್ಮ ಕೋಚಿನ ಬುದ್ಧಿ. ನನ್ನ ಅಡುಗೆಮನೆಯ ನಲ್ಲಿ ದೀಪಾವಳಿಯಿಂದ ಸೋರುತ್ತಿತ್ತು. ಅದಕ್ಕೆ ಮಾತ್ರ ಯಾರೂ ಮುಳ್ಳು ಬರೆದಿರಲಿಲ್ಲ. ಚರ್ಚೆಗೆ ಅಡ್ಡಿಯಾಗುತ್ತದೆಂದು ಟಿವಿಯ ಸದ್ದು ನಿಲ್ಲಿಸಿ, ಎಲ್ಲರೂ ಅದಕ್ಕೆ ಬೆನ್ನು ಹಾಕಿ ಕೂತರು.

ನಾನು ಬಿಸಿಬೇಳೆ ಭಾತ್ ತರುವಷ್ಟರಲ್ಲಿ, ‘ಇನ್ನೂ ಡೇಟಾ ಬೇಕು, ಮುಂದಿನ ವಾರ ಕೂತು ಫೈನಲ್ ಮಾಡೋಣ’ ಎಂದು ಎಲ್ಲರೂ ಒಪ್ಪಿಯಾಗಿತ್ತು. ಅವರ ಬೆನ್ನ ಹಿಂದೆ ಆಟ ಮುಗಿದು, ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ತೆಗೆದು ಜನರತ್ತ ಕೈ ಬೀಸುತ್ತಿದ್ದ.

ಇವರ ಕಂಪನಿ ಯಾಕೆ ಮುಳುಗುತ್ತಿದೆ ಎಂದು ಆಗ ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದರು. ನನ್ನನ್ನು ಕೇಳಿದ್ದರೆ ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲು ತೋರಿಸುತ್ತಿದ್ದೆ.