ಬಸ್ಸಿನಲ್ಲಿ ನಾನು ಟೀಚರಮ್ಮ

ನ್ಯಾಮತಿಯ ಬಜಾರಿನ ಕೊನೆಯಲ್ಲಿರುವ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವಾರ ಕಳೆದಿರಲಿಲ್ಲ. ದಿನಾ ಹೊನ್ನಾಳಿಯಿಂದ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಆ ಬಸ್ಸಿನಲ್ಲಿ ಎರಡೂ ಕಾಲು ಊರಲು ಜಾಗ ಸಿಕ್ಕರೆ ಅದೇ ಪುಣ್ಯ. ಅವತ್ತು ಕಂಬಿ ಹಿಡಿದು ನೇತಾಡುತ್ತಿದ್ದಾಗ, ಕಿಟಕಿ ಪಕ್ಕ ಕೂತಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಪಕ್ಕದ ಸೀಟಿನಲ್ಲಿದ್ದ ಚೀಲವನ್ನು ತೊಡೆಗೆ ಎಳೆದುಕೊಂಡು, "ಟೀಚರಮ್ಮ, ಇಲ್ಲಿ ಕುಂತ್ಕಳ್ರಿ" ಅಂದರು.

ನನ್ನ ಕಾಟನ್ ಸೀರೆ, ಕೊಡೆ, ಕನ್ನಡಕ ನೋಡಿ ಹಾಗೆ ಅನ್ನಿಸಿರಬೇಕು. "ನಾನು ಟೀಚರ್ ಅಲ್ಲ" ಎನ್ನಲು ಅರ್ಧ ನಿಮಿಷ ಸಾಕಿತ್ತು. ಆದರೆ ಸೀಟು ಕೊಟ್ಟವರನ್ನು ಕೂತ ಕೂಡಲೇ ತಿದ್ದುವುದು ಹೇಗೆ? ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೂ ಅವರು ನನಗೆ ಸೀಟು ಹಿಡಿದಿದ್ದರು. ಮೂರನೆಯ ದಿನ ಕಂಡಕ್ಟರ್ ಕೂಡ "ಮುಂದೆ ಬರ್ರಿ ಮೇಡಂ, ನಿಮ್ಮ ಸೀಟು ಐತೆ" ಅಂದ. ತಿಂಗಳು ಕಳೆದ ಮೇಲಂತೂ ಬಾಯಿ ಬಿಡುವ ಹಾಗೇ ಇರಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರೆ ಏನು ಹೇಳುವುದು? ನಾನು ಸುಳ್ಳು ಹೇಳಿದವಳಲ್ಲ, ಬರೀ ಸುಮ್ಮನಿದ್ದವಳು. ಆ ವ್ಯತ್ಯಾಸವನ್ನು ನನಗೆ ನಾನೇ ದಿನಾ ಹೇಳಿಕೊಳ್ಳುತ್ತಿದ್ದೆ.

ವಿಚಿತ್ರವೆಂದರೆ, ಜನ ಕರೆದ ಹಾಗೆ ನಾನು ಆಗತೊಡಗಿದೆ. ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ. ಗಲಾಟೆ ಮಾಡುವ ಕಾಲೇಜು ಹುಡುಗರ ಕಡೆ ತಿರುಗಿ ನೋಡಿದರೆ ಅವರು ತಣ್ಣಗಾಗುತ್ತಿದ್ದರು. ನಾನು ಓದಿದ್ದು ಪಿಯುಸಿ, ಅದೂ ಇಂಗ್ಲಿಷ್ ಪರೀಕ್ಷೆಗೆ ಎರಡು ಸಲ ಕೂತು.

ನನಗೆ ಸೀಟು ಹಿಡಿಯುತ್ತಿದ್ದ ಆ ಅಕ್ಕ ನ್ಯಾಮತಿ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಬಸ್ಸಿಳಿದು ಅವರು ಖಾನಾವಳಿಯೊಳಗೆ ಹೋಗುವವರೆಗೂ ನಾನು ಹೈಸ್ಕೂಲಿನ ದಾರಿ ಹಿಡಿದು ಗಂಭೀರವಾಗಿ ನಡೆಯುತ್ತಿದ್ದೆ. ಆಮೇಲೆ ಹಿಂದಿನ ಓಣಿಯಲ್ಲಿ ಸುತ್ತು ಹೊಡೆದು ಅಂಗಡಿ ಸೇರುತ್ತಿದ್ದೆ. ದಿನಾ ಹತ್ತು ನಿಮಿಷ ತಡ. ಮಾಲೀಕರಿಗೆ ಬಸ್ಸಿನ ಮೇಲೆ ದೂರು ಹೇಳುತ್ತಿದ್ದೆ.

ಒಂದು ದಿನ ಅಕ್ಕ ಚೀಲದಿಂದ ಹೊಸ ನೋಟ್‌ಬುಕ್ಕು, ಪೆನ್ನು ತೆಗೆದರು. "ನಮ್ಮ ಹೆಣ್ಮಕ್ಕಳ ಸಂಘದಾಗೆ ಎಲ್ಲಾರೂ ಸೈ ಮಾಡ್ತಾರೆ. ನಾನೊಬ್ಳೇ ಹೆಬ್ಬೆಟ್ಟು. ನಂಗೆ ಹೆಸ್ರು ಬರೆಯಾಕೆ ಕಲಿಸ್ತೀರಾ ಟೀಚರಮ್ಮ? ನಿಮ್ಗೆ ಇದೇನು ದೊಡ್ಡದಲ್ಲ ಬಿಡ್ರಿ."

ದೊಡ್ಡದೇ ಆಗಿತ್ತು. ಆದರೂ ಶುರು ಮಾಡಿದೆವು. ಬಸ್ಸು ಗುಂಡಿಗೆ ಬಿದ್ದಾಗ ಅಕ್ಷರ ಎರಡು ಗೆರೆ ದಾಟಿ ಓಡುತ್ತಿತ್ತು. ಅಕ್ಕ ನಗುತ್ತಿದ್ದರು, ಬಿಡುತ್ತಿರಲಿಲ್ಲ. ನನಗೂ ಖುಷಿ ಹತ್ತಿತು. ಹಿಂದಿನ ದಿನವೇ ಮನೆಯಲ್ಲಿ ಕೂತು ಚುಕ್ಕೆಯಲ್ಲಿ ಅಕ್ಷರ ಬರೆದು ತರುತ್ತಿದ್ದೆ.

ಎರಡು ವಾರವಾದರೂ ಅವರ ಅಕ್ಷರ ಸರಿಯಾಗಲಿಲ್ಲ. ಆಗ ಗಮನಿಸಿದೆ. ಅಕ್ಕ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಮ್ಮ ಅಂಗಡಿಗೆ ದಿನಕ್ಕೆ ಹತ್ತು ಜನ ಅದೇ ಭಂಗಿಯಲ್ಲಿ ಬರುತ್ತಾರೆ. ನಲವತ್ತು ದಾಟಿದವರಿಗೆ ಬರುವ ಚಾಳೀಸು. ಒಂದು ಕನ್ನಡಕ ಹಾಕಿದರೆ ಮುಗಿಯಿತು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಹೇಳಿದರೆ ಅಕ್ಕ ಬರುವುದು ನಮ್ಮ ಅಂಗಡಿಗೇ. ಹಾಗಾಗಿ ಮತ್ತೂ ಒಂದು ವಾರ ಸುಮ್ಮನಿದ್ದೆ. ಈ ಸಲದ ಸುಮ್ಮನಿರುವಿಕೆಗೆ ಮಾತ್ರ ಒಳ್ಳೆಯ ಹೆಸರು ಕೊಡಲು ನನ್ನಿಂದ ಆಗಲಿಲ್ಲ. ಕೊನೆಗೆ ಅರ್ಧ ಧೈರ್ಯ ಮಾಡಿ, "ಅಕ್ಕ, ನಿಮ್ಗೆ ಚಾಳೀಸು ಬಂದೈತೆ. ಹೊನ್ನಾಳಿಯಾಗೆ ಒಳ್ಳೇ ಅಂಗಡಿ ಐತೆ, ಅಲ್ಲಿ ತೋರಿಸ್ರಿ" ಅಂದೆ. ಸಂಬಳ ಕೊಡುವವರ ಗಿರಾಕಿಯನ್ನು ಪಕ್ಕದ ಊರಿಗೆ ಕಳಿಸಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ, ಊಟದ ಗದ್ದಲ ಮುಗಿದ ಹೊತ್ತಿಗೆ, ಮೊಣಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡೇ ಅಕ್ಕ ಹೊನ್ನಾಳಿ ಬಿಟ್ಟು ನಮ್ಮ ಅಂಗಡಿಯ ಮೆಟ್ಟಿಲನ್ನೇ ಹತ್ತಿದರು. ನಾನು ಗಾಜು ಒರೆಸುತ್ತಿದ್ದೆ.

"ಏನ್ ಟೀಚರಮ್ಮ, ಇವತ್ತು ಇಸ್ಕೂಲು ರಜಾನಾ?"

ಹೌದು ಎಂದುಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. "ಇಲ್ಲಕ್ಕ. ನಾನು ಟೀಚರ್ ಅಲ್ಲ. ಮೊದ್ಲಿಂದ್ಲೂ ಇಲ್ಲೇ ಕೆಲ್ಸ ಮಾಡೋದು" ಅಂದೆ.

ಅವರು ನನ್ನನ್ನೂ ಕೈಯಲ್ಲಿದ್ದ ಬಟ್ಟೆಯನ್ನೂ ನೋಡಿದರು. ಬಂದ ಮೆಟ್ಟಿಲು ಇಳಿದು ಹೋದರು.

ಮರುದಿನ ಅವರ ಪಕ್ಕದಲ್ಲಿ ಸವಳಂಗದ ಕಡೆಯ ಯಾರೋ ಕೂತಿದ್ದರು. ಅದರ ಮರುದಿನವೂ ಹಾಗೇ. ನಾನು ಕಂಬಿ ಹಿಡಿದು ನಿಂತೆ. ಕಾಲಿಗಿಂತ ಮನಸ್ಸು ಹೆಚ್ಚು ನೋಯಿತು. ಮೂರನೆಯ ದಿನ ನ್ಯಾಮತಿಯಲ್ಲಿ ಇಳಿದಾಗ ಅಕ್ಕ ತಾವೇ ನನ್ನೆದುರು ನಿಂತರು.

"ನೀವು ಟೀಚರ್ ಅಲ್ಲ ಅಂತ ನಂಗೇನು ಬ್ಯಾಸರ ಇಲ್ಲ. ಖಾನಾವಳಿಯಾಗೆ ಎಲ್ಲಾರ ಮುಂದೆ ಹೇಳ್ಕಂಡಿದ್ದೆ, ಟೀಚರೇ ನಂಗೆ ಕಲಿಸ್ತಾರೆ ಅಂತ. ಈಗ ಹೆಂಗೆ ತಿರುಗಿಸಿ ಹೇಳ್ಲಿ?"

"ತಪ್ಪಾತಕ್ಕ. ನಾನೇ ಬಂದು ಹೇಳ್ತೀನಿ."

"ಬ್ಯಾಡ್ರಿ" ಅಂದರು ತಟ್ಟನೆ. ಸ್ವಲ್ಪ ಯೋಚಿಸಿದರು. "ಅಲ್ಲಿಗೆ ಬಂದಾಗ ನೀವು ಟೀಚರೇ. ಆಮೇಲೆ ನಿಧಾನಕ್ಕೆ ಹೇಳಿದ್ರಾತು."

ಆ ನಿಧಾನ ಎಷ್ಟು ಉದ್ದ ಬೆಳೆಯುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಅವತ್ತೇ ಮಧ್ಯಾಹ್ನ ಅವರನ್ನು ಅಂಗಡಿಗೆ ಕರೆದೊಯ್ದು ಕಣ್ಣು ತೋರಿಸಿದೆ. ಕನ್ನಡಕ ಏರಿಸಿದ ಅಕ್ಕ ಮೊದಲು ನೋಡಿದ್ದು ತಮ್ಮ ಅಂಗೈಯನ್ನು. ಬೆಂಕಿಯ ಮುಂದೆ ಸುಟ್ಟ ಸಣ್ಣ ಸಣ್ಣ ಕಲೆಗಳನ್ನು ತುಂಬ ಹೊತ್ತು ನೋಡಿದರು. "ಇಷ್ಟೊಂದು ಕಲೆ ಅವೇನು?" ಅಂದರು.

ಹೋದ ತಿಂಗಳು ಸಂಘದ ಸಭೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಾಜರಿ ಪುಸ್ತಕ ಅವರ ಮುಂದೆ ಬಂತು. ಅಕ್ಕ ಕನ್ನಡಕ ಸರಿ ಮಾಡಿಕೊಂಡು, ನಾಲಿಗೆ ತುದಿ ಹೊರಗೆ ಹಾಕಿ, ಒಂದೊಂದೇ ಅಕ್ಷರ ಇಳಿಸತೊಡಗಿದರು. ಹಿಂದೆ ನಿಂತವರಲ್ಲಿ ಒಬ್ಬಾಕೆ, "ಬ್ಯಾಗ ಮುಗಿಸಕ್ಕ, ಮನ್ಯಾಗೆ ಎಮ್ಮೆ ಕಾಯ್ತಾ ಐತೆ" ಅಂದಳು.

ಅಕ್ಕ ತಲೆ ಎತ್ತಲಿಲ್ಲ. ಕೊನೆಯ ಅಕ್ಷರದ ಒತ್ತನ್ನು ಎರಡು ಸಲ ತೀಡಿದರು.