ಡಾಕ್ಟರ ಮನೆಯ ಶರ್ಟು

ಲಾಂಡ್ರಿಯವಳು ಎಂದರೆ ಬೀದಿಗೆಲ್ಲ ಗೊತ್ತು. ಇಸ್ತ್ರಿಪೆಟ್ಟಿಗೆ ತಳ್ಳಿ ತಳ್ಳಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಬಾಯಿಯಂತೂ ಪೆಟ್ಟಿಗೆಗಿಂತ ಬಿಸಿ. ಗಿರಾಕಿಯ ಬಟ್ಟೆಯನ್ನು ಮನೆಯವರು ಮೈಗೆ ತಾಗಿಸಕೂಡದು ಎಂದು ಗಂಡನಿಗೂ ಮಗನಿಗೂ ಸಾರಿ ಸಾರಿ ಹೇಳಿದವಳು ಅವಳೇ. ಆ ಕಟ್ಟಳೆ ಮುರಿದವಳೂ ಅವಳೇ, ಅದೂ ಇವತ್ತು ಬೆಳಿಗ್ಗೆ.

ಯುದ್ಧ ಬೇಡವೆಂದು ಕಾಲೇಜಿನ ಅಂಗಳದಲ್ಲಿ ಹುಡುಗರು ಸಭೆ ಕರೆದಿದ್ದರು. ಮಗ ಮೊದಲ ಸಲ ಮೈಕಿನ ಮುಂದೆ ನಿಲ್ಲುವವನಿದ್ದ. ಅವನಿಗಿದ್ದ ಒಂದೇ ಒಂದು ಒಳ್ಳೆಯ ಶರ್ಟಿನ ಕಾಲರು ಸವೆದು ನೂಲು ಬಿಟ್ಟಿತ್ತು.

"ಲಾಂಡ್ರಿಯವರ ಮಗ ಹೀಗೆ ಹೋದ್ರೆ ನನ್ನ ಮಾನ ಹೋಗುತ್ತೆ" ಎಂದು ಗೊಣಗುತ್ತ ಅವಳು ಡಾಕ್ಟರ ಮಗನ ಬಿಳಿ ಶರ್ಟನ್ನು ಕಪಾಟಿನಿಂದ ತೆಗೆದುಕೊಟ್ಟಳು. "ಸಂಜೆಯೊಳಗೆ ವಾಪಸ್ ಬರ್ಬೇಕು. ಅಪ್ಪಂಗೆ ಹೇಳ್ಬೇಡ."

"ಭಾಷಣ ಮಾಡೋದು ಶರ್ಟಲ್ಲಮ್ಮ, ನಾನು" ಎಂದು ಅವನು ನಕ್ಕಿದ್ದ.

ಮಧ್ಯಾಹ್ನ ಸುದ್ದಿ ಬಂತು. ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರಂತೆ, ಒಬ್ಬ ಹುಡುಗ ಸತ್ತನಂತೆ. ಯಾರೆಂದು ಗೊತ್ತಿಲ್ಲ. ಮಗನ ಫೋನು ಸತ್ತುಬಿದ್ದಿತ್ತು, ಕಾಲೇಜಿನ ರಸ್ತೆ ಮುಚ್ಚಿದ್ದರು. ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬಾಗಿಲ ಮುಂದೆ ಯಾವ ಸ್ಕೂಟರು ನಿಂತರೂ ಜೀವ ಬಾಯಿಗೆ ಬರುತ್ತಿತ್ತು.

ಸಂಜೆ ಗಂಡ ಅಂಗಡಿಯಿಂದ ಮನೆಯೊಳಕ್ಕೆ ಓಡಿಬಂದ. ಮುಖದಲ್ಲಿ ಕಳೆ ಮರಳಿತ್ತು.

"ನಮ್ಮವನಲ್ಲ ಕಣೆ. ಪೊಲೀಸಿನವನೊಬ್ಬ ಸತ್ತ ಹುಡುಗನ ಕಾಲರು ಕತ್ತರಿಸ್ಕೊಂಡು ಬಂದಿದ್ದ. ಒಳಗೆ ನಾವು ಶಾಯೀಲಿ ಹಾಕೋ ಗುರುತು ಇತ್ತು. ಡಾಕ್ಟರ ಮನೇದು ಅಂತ ಹೇಳಿ ಕಳಿಸ್ದೆ. ಪಾಪ, ಅವರಿಗೂ ಇರೋದು ಒಬ್ನೇ ಮಗ. ಆದ್ರೂ ನಂಗೆ ಹೋದ ಜೀವ ಬಂದಂಗಾಯ್ತು."

ಡಾಕ್ಟರ ಮಗನೂ ಅದೇ ಕಾಲೇಜು. ಅವನೇ ಇರಬಹುದಲ್ಲ ಎಂದು ಅವಳ ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಆಸೆಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

"ಯಾವ ಬಣ್ಣ?" ಎಂದಳು.

"ಬಿಳಿ."

ಆ ಮನೆಯಿಂದ ಒಗೆಯಲು ಬರುತ್ತಿದ್ದ ಬಿಳಿ ಶರ್ಟು ಅದೊಂದೇ. ಗಂಡ ಏನೇನೋ ಕೇಳುತ್ತಿದ್ದಂತೆಯೇ ಅವಳು ಮೆಟ್ಟಿಲಿಳಿದು ಹೊರಟುಬಿಟ್ಟಳು.

ಡಾಕ್ಟರ ಮನೆಗೆ ಪೊಲೀಸಿನವನು ಬಂದುಹೋಗಿದ್ದ. ಡಾಕ್ಟರು ಕಾರಿನ ಕೀಲಿಗಾಗಿ ಹುಡುಕಿದ ಡ್ರಾಯರನ್ನೇ ಮತ್ತೆ ಮತ್ತೆ ಹುಡುಕುತ್ತಿದ್ದರು. ಅವರ ಹೆಂಡತಿ ನೆಲದ ಮೇಲೆ ಕುಸಿದು ಕೂತಿದ್ದರು.

"ಅಳಬೇಡಿ ಅಮ್ಮ. ಅದು ನಿಮ್ಮ ಮಗ ಅಲ್ಲ. ಆ ಶರ್ಟು ಬೆಳಿಗ್ಗೆ ನಾನೇ ನನ್ನ ಮಗನಿಗೆ ಹಾಕ್ಕೊಳ್ಳೋಕೆ ಕೊಟ್ಟಿದ್ದೆ."

ಡಾಕ್ಟರ ಹೆಂಡತಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ನಿಜವಾಗ್ಲೂ? ನಿಂಗೆ ಸರಿಯಾಗಿ ಗೊತ್ತಾ?"

ಗೊತ್ತಿಲ್ಲ ಎಂದುಬಿಡಲು ಅವಳ ಜೀವವೆಲ್ಲ ಹಾತೊರೆಯಿತು.

"ಗೊತ್ತಮ್ಮ" ಎಂದಳು. "ಕಾಲರು ಮಡಚಿ ಸರಿಮಾಡಿ ಕಳಿಸಿದ್ದು ನಾನೇ."