ನನ್ನ ಗಂಡನ ಆರೈಕೆಯ ಕೂಲಿ

ಮಲ್ಲಟದ ಅಕ್ಕನ ಮನೆಯಿಂದ ದೇವದುರ್ಗಕ್ಕೆ ವಾಪಸ್ ಬರುತ್ತಿದ್ದಾಗ ನಮ್ಮ ಆಟೋಗೆ ಎದುರಿನಿಂದ ಬಂದ ಜೀಪೊಂದು ಗುದ್ದಿತು. ಜೊತೆಗಿದ್ದವರು ತರಚು ಗಾಯಗಳಲ್ಲಿ ಪಾರಾದರು. ನನ್ನ ಸೊಂಟದ ಮೂಳೆ ಮತ್ತು ಎರಡೂ ಕಾಲು ಮುರಿದವು. ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮನೆಗೆ ಕಳಿಸುವಾಗ ಡಾಕ್ಟರು, "ಇವರನ್ನ ಒಬ್ಬರೇ ಬಿಡಬೇಡ್ರಿ. ಮಗ್ಗುಲು ಬದಲಾಯಿಸಾಕೂ ಒಬ್ಬರು ಬೇಕು" ಎಂದರು.

ನನ್ನ ಗಂಡ ಆಗ ಶಕ್ತಿನಗರದಲ್ಲಿ ಗುತ್ತಿಗೆಯ ವೆಲ್ಡರ್. ಭಾನುವಾರ ಮಾತ್ರ ಊರಿಗೆ ಬರುತ್ತಿದ್ದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಆರೈಕೆಗೆ ಹೆಣ್ಣಾಳನ್ನು ಇಡುವಷ್ಟು ಅನುಕೂಲ ನಮಗಿರಲಿಲ್ಲ. ಅವರು ಹೆಚ್ಚು ಯೋಚಿಸದೆ ಕೆಲಸ ಬಿಟ್ಟು ಬಂದರು.

ಬೆಳಿಗ್ಗೆ ಬೆಡ್‌ಪ್ಯಾನ್ ಇಡುವುದರಿಂದ ಅವರ ದಿನ ಶುರುವಾಗುತ್ತಿತ್ತು. ಹುಣ್ಣಾಗದಂತೆ ನನ್ನನ್ನು ಹೊರಳಿಸಿ ಬೆನ್ನು ಒರೆಸುವುದು, ಮಂಚದ ಅಂಚಿಗೆ ತಲೆ ಎಳೆದು ಕೂದಲು ತೊಳೆಯುವುದು, ಕಾಲಿನ ವ್ಯಾಯಾಮ ಮಾಡಿಸುವುದು. ಕಬ್ಬಿಣ ಬೆಸೆದು ಒರಟಾಗಿದ್ದ ಆ ಕೈಗಳು ಹಾಕಿದ ಜಡೆ ಯಾವಾಗಲೂ ಒಂದು ಕಡೆಗೆ ವಾಲುತ್ತಿತ್ತು. ಮೊದಮೊದಲು ನಾನು ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ಅವರು ನೋಡಿಯೂ ನೋಡದವರಂತೆ ರೊಟ್ಟಿ ಬಡಿಯಲು ಹೋಗುತ್ತಿದ್ದರು.

ಓಣಿಯ ಹಿರಿಯರೊಬ್ಬರು ಒಮ್ಮೆ ಬಾಗಿಲಲ್ಲೇ ನಿಂತು ನಕ್ಕರು. "ಏನಲೇ, ಗಂಡಸಾಗಿ ಹೆಂಡ್ತಿ ಸೀರಿ ಒಗ್ಯಾಕತ್ತಿ?"

"ಅಕೀ ಕಾಲು ಮುರದಾವ್ರೀ ಯಪ್ಪಾ. ನನ್ನ ಕೈ ನೆಟ್ಟಗ ಅದಾವಲ್ಲ" ಎಂದು ಅವರು ಸೀರೆ ಹಿಂಡಿದರು.

ಪರಿಹಾರದ ಕೇಸು ಹಾಕುವಾಗ ನಮ್ಮ ವಕೀಲಮ್ಮ, "ಮನ್ಯಾಗ ಆರೈಕೆ ಮಾಡಿದ್ದಕ್ಕೂ ಜೀಪಿನ ಇನ್ಶೂರೆನ್ಸ್ ಕಂಪನಿ ಕೊಡಬೇಕ್ರಿ. ಅದನ್ನೂ ಕೇಳೋಣ" ಎಂದರು. ಗಂಡ ಬೇಡವೆಂದರು.

"ಹೆಂಡ್ತೀನ ನೋಡ್ಕೊಂಡಿದ್ದಕ್ಕ ಕೂಲಿ ಕೇಳ್ಬೇಕೇನು? ಮಂದಿ ಉಗುಳ್ತಾರ."

"ಕೂಲಿ ನಾ ಕೊಡಾಕತ್ತಿಲ್ಲ. ಗುದ್ದಿದವ್ರು ಕೊಡ್ಲಿ" ಎಂದೆ ನಾನು. ಅವರು ಅರೆಮನಸ್ಸಿನಿಂದ ಒಪ್ಪಿದರು.

ರಾಯಚೂರಿನ ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ನಾನು ವಾಕರ್ ಹಿಡಿದು ಒಳಗೆ ಹೋದೆ. ಕಂಪನಿಯ ವಕೀಲರು ಕೇಳಿದರು: "ನೀವು ಯಾವ ನರ್ಸಿಗೂ ಹಣ ಕೊಟ್ಟಿಲ್ಲ, ಸರಿ ತಾನೇ?"

"ಕೊಟ್ಟಿಲ್ರಿ. ನನ್ನ ಗಂಡ ನೋಡ್ಕೊಂಡ್ರು."

"ಹೆಂಡತಿಯನ್ನ ನೋಡಿಕೊಳ್ಳೋದು ಗಂಡನ ಕರ್ತವ್ಯ ಅಲ್ಲವೇನಮ್ಮಾ?"

ನಾನು ಹಿಂದೆ ತಿರುಗಿ ನೋಡಿದೆ. ಹಿಂದಿನ ಬೆಂಚಿನಲ್ಲಿ ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು, ತಪ್ಪು ಮಾಡಿದವರ ಹಾಗೆ. ಅದನ್ನು ನೋಡಿ ನನಗೆಲ್ಲಿಂದಲೋ ಧ್ವನಿ ಬಂತು.

"ಕರ್ತವ್ಯ ಅಂತ ಅಲ್ರೀ, ಪ್ರೀತಿಲೇ ಮಾಡ್ಯಾರ. ಹಂಗಂತ ಅದು ದುಡಿಮಿ ಅಲ್ಲೇನ್ರಿ? ಆ ಜೀಪು ಗುದ್ದದಿದ್ರ ಅವ್ರು ಶಕ್ತಿನಗರದಾಗ ವೆಲ್ಡಿಂಗ್ ಮಾಡ್ತಿದ್ರು, ನಾನು ಮಷಿನ್ ತುಳೀತಿದ್ದೆ. ನನ್ನ ಉಚ್ಚಿ, ಹೇಲು ಎತ್ಯಾರ್ರಿ ಸಾಹೇಬ್ರ. ಇದನ್ನ ಹೇಳಾಕ ನನಗ ನಾಚಿಕಿಲ್ಲ, ಅವರಿಗೂ ಇರಬಾರದು."

ಯಾರೂ ನಗಲಿಲ್ಲ. ನ್ಯಾಯಾಧೀಶರು ನಾನು ಹೇಳಿದ್ದನ್ನು ಬರೆಸಿಕೊಂಡರು.

ತೀರ್ಪು ಬಂದಾಗ ಚಿಕಿತ್ಸೆಯ ಖರ್ಚಿನ ಜೊತೆ ಮನೆಯಲ್ಲಿ ನಡೆದ ಆರೈಕೆಯ ವೆಚ್ಚವನ್ನೂ ಕಂಪನಿಯೇ ಕೊಡಬೇಕೆಂದಿತ್ತು. ಮನೆಯವರು ಪುಕ್ಕಟೆ ಮಾಡಿದರೆಂಬ ಕಾರಣಕ್ಕೆ ಗುದ್ದಿದವರ ಹೊಣೆ ಕಡಿಮೆಯಾಗದೆಂದು ನ್ಯಾಯಾಧೀಶರು ಸ್ಪಷ್ಟವಾಗಿ ಹೇಳಿದ್ದರು.

ಆ ಹಣದಿಂದ ಅವರು ದೇವದುರ್ಗದಲ್ಲೇ ಸಣ್ಣ ವೆಲ್ಡಿಂಗ್ ಅಂಗಡಿ ಹಾಕಿದರು. ನಾನೀಗ ಕೋಲೂರಿ ಅಲ್ಲಿಯವರೆಗೆ ನಡೆದು ಹೋಗುತ್ತೇನೆ. ಮೊನ್ನೆ ನಮ್ಮ ಕೇಸಿನ ಸುದ್ದಿ ಕೇಳಿದ ಮಾನ್ವಿ ಕಡೆಯವರೊಬ್ಬರು, ಲಾರಿ ಬಡಿದು ಮಲಗಿದ ತಮ್ಮ ಮಗನನ್ನು ಅವನ ತಾಯಿಯೇ ನೋಡಿಕೊಳ್ಳುತ್ತಿದ್ದಾಳೆ, ಅದಕ್ಕೇನಾದರೂ ಸಿಗುತ್ತದೆಯೇ ಎಂದು ಅಂಗಡಿಗೆ ಕೇಳಲು ಬಂದಿದ್ದರು. ನನ್ನ ಗಂಡ ಬೆಸುಗೆಯ ಮುಖವಾಡ ಮೇಲೆತ್ತಿ ನನ್ನ ಕಡೆ ಕೈ ತೋರಿಸಿದರು.

"ಇಕೀನ್ನ ಕೇಳ್ರಿ. ಕೋರ್ಟಿನ್ಯಾಗ ನಿಂತು ಮಾತಾಡಿ ಗೆದ್ದಾಕಿ ಇಕೀನ."